ಮೀನಿನ ಅಡಿಯಲ್ಲಿ ನಾಲ್ಕು ಕಾಯಿಲ್

ಹೆಸರು ಸುಶಾಂತ. ಹೆಸರಿಟ್ಟವರನ್ನು ಬೈದು ಪ್ರಯೋಜನವಿಲ್ಲ. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಮುಷ್ಟಿ ಮುಂದೊಂದು ದಿನ ಯಾರ ಮೇಲೆ ಬೀಳುತ್ತದೆಂದು ಅವರಿಗಾದರೂ ಏನು ಗೊತ್ತಿತ್ತು! ಅದು ಬಿದ್ದದ್ದು ಅವನ ಹೆಂಡತಿ ಮಧುಮತಿಯ ಎಡಗಿವಿಯ ಮೇಲೆ. ಬಿದ್ದು ಎರಡು ವಾರವಾಗಿತ್ತು. ಅಂದಿನಿಂದ ಆ ಕಿವಿಯಲ್ಲಿ ಒಂದೇ ಸಮನೆ ಕುಯ್ಯೆನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಅವರಿದ್ದದ್ದು ಅಬುಧಾಬಿಯ ಟ್ರಕ್ ರಸ್ತೆ ಬಿಟ್ಟು ಮರಳಿನ ಕಚ್ಚಾ ದಾರಿಯಲ್ಲಿ ಬಹಳ ಒಳಗೆ ಹೋದರೆ ಸಿಗುವ ಒಂದು ತೋಟದಲ್ಲಿ. ಸೌತೆಕಾಯಿಯ ಹಸಿರುಮನೆಗಳು, ಒಂದಿಷ್ಟು ಆಡು, ಒಂದು ಪಂಪು, ಸುತ್ತ ತಗಡಿನ ಬೇಲಿ, ಕಬ್ಬಿಣದ ಗೇಟು. ಬೇಸಿಗೆ ಬಂತೆಂದರೆ ಹಸಿರುಮನೆಗಳು ಖಾಲಿ, ಕೆಲಸದವರು ಊರಿಗೆ, ಯಜಮಾನ ತಂಪು ದೇಶಕ್ಕೆ. ಉಳಿಯುವವರು ಮ್ಯಾನೇಜರ್ ಸುಶಾಂತ, ಅವನ ಹೆಂಡತಿ ಮತ್ತು ಆಡುಗಳು. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಟಾರು ರಸ್ತೆಗೇ ಹೋಗಬೇಕು. ಮಧುಮತಿಯ ಮೊಬೈಲನ್ನು ಅವನು ಯಾವಾಗಲೋ ಕಿತ್ತುಕೊಂಡಿದ್ದರಿಂದ ಅವಳಿಗೆ ಆ ಚಿಂತೆಯೂ ಇರಲಿಲ್ಲ. ನಡೆದು ಹೋಗೋಣವೆಂದರೆ ಆಗಸ್ಟಿನ ಬಿಸಿಲು. ಹಿಂದಿನ ಬೇಸಿಗೆಯಲ್ಲಿ ಗೇಟು ದಾಟಿ ಹೋದ ಆಡೊಂದು ರಸ್ತೆ ಮುಟ್ಟುವ ಮೊದಲೇ ಸತ್ತು ಒಣಗಿತ್ತು. ಸುಶಾಂತ ಅವಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗಿ ಅದನ್ನು ತೋರಿಸಿಕೊಂಡು ಬಂದಿದ್ದ.

"ನೋಡ್ಕೊ," ಎಂದಿದ್ದ. "ಕಾಲು ನಾಲ್ಕಿದ್ರೂ ಮುಟ್ಟಲಿಲ್ಲ. ನಿನಗ ಎರಡ ಅದಾವು."

ಅವಳಿಗೊಂದು ಕಾರಿತ್ತು. ಬಿಳಿಯದು, ಹಳೆಯದು, ತಗಡಿನ ಚಪ್ಪರದ ನೆರಳಲ್ಲಿ ನಿಂತಿತ್ತು. ಅದರ ಕೀಲಿಕೈಯನ್ನು ಅವನು ಬಚ್ಚಿಟ್ಟಿರಲಿಲ್ಲ. ಫ್ರಿಜ್ಜಿನ ಪಕ್ಕದ ಮೊಳೆಗೆ, ಅವಳ ಕಣ್ಣಿಗೆ ಬೀಳುವಂತೆಯೇ ತೂಗುಹಾಕಿದ್ದ. ಅದು ಅವನ ವಿನೋದ. ಹೊರಗೆ ಹೋಗುವಾಗ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿನ ತಲೆಯ ಮೇಲಿನ ನಾಲ್ಕು ಕಾಯಿಲ್‌ಗಳನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ತನ್ನ ಪಿಕಪ್ಪಿನಲ್ಲಿ ಹೊರಡುತ್ತಿದ್ದ. ಕಾಯಿಲ್ ಎಂದರೆ ಗೇಣುದ್ದದ ಕಪ್ಪು ಕಡ್ಡಿ. ಅದು ಕೆಳಗಿನ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟು ಕೊಡಬೇಕು, ಪ್ಲಗ್ಗು ಕಿಡಿ ಹಾರಿಸಬೇಕು, ಕಿಡಿ ಹಾರಿದರಷ್ಟೇ ಎಂಜಿನ್ ಎದ್ದೀತು. ಅದಿಲ್ಲದ ಕಾರಿನ ಕೀಲಿಕೈ ಮಕ್ಕಳ ಆಟಕ್ಕೆ ಸರಿ.

ಇಷ್ಟೆಲ್ಲ ಮಧುಮತಿಗೆ ಹೇಗೆ ಗೊತ್ತು ಎಂದರೆ, ಕಲಿಸಿದವನೂ ಅವನೇ. ಮದುವೆಯಾದ ಹೊಸತರಲ್ಲಿ ಅವರು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿದ್ದರು. ಕಾರು ಜರ್ಕು ಹೊಡೆಯತೊಡಗಿದರೆ ಅವನು ಗ್ಯಾರೇಜಿಗೆ ಒಯ್ಯುತ್ತಿರಲಿಲ್ಲ. ಗ್ಯಾರೇಜಿನವರೆಲ್ಲ ಕಳ್ಳರು ಎಂಬುದು ಅವನ ಸಿದ್ಧಾಂತ. ಅಂಗಳದಲ್ಲಿ ತಾನೇ ಬಾನೆಟ್ ಎತ್ತಿ, ಅವಳ ಕೈಗೆ ಟಾರ್ಚು ಕೊಟ್ಟು, ಪಾಠ ಹೇಳುತ್ತ ಪ್ಲಗ್ಗು ಕಾಯಿಲ್ ಬದಲಿಸುತ್ತಿದ್ದ. ಬೆಳಕು ಅಲುಗಿದರೆ ಏಟು. ಅಕ್ಕಪಕ್ಕದವರು ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕನ್ನಡ ಸಂಘದ ಊಟದಲ್ಲಿ ಸೊಂಟಕ್ಕೆ ಟವೆಲ್ ಕಟ್ಟಿ ಎಲ್ಲರಿಗಿಂತ ಮೊದಲು ಬಡಿಸಲು ನಿಲ್ಲುವ ಗಂಡಸಿನ ಮೇಲೆ ಯಾರಿಗಾದರೂ ಅನುಮಾನ ಹೇಗೆ ಬರಬೇಕು! ಊರಿಗೆ ಉಪಕಾರಿ, ಮನೆಗೆ ಮಾರಿ.

ಬಾಗಿಲು ಹಾಕಿಕೊಳ್ಳದವಳು ಒಬ್ಬಳಿದ್ದಳು. ಅದೇ ವಿಲ್ಲಾದ ಮುಂಭಾಗದಲ್ಲಿದ್ದ ಝುಲೈಖ, ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಅವಳ ಗಂಡ ಅಬ್ದುಲ್ ರವೂಫ್ ತೋಟಗಳಿಗೆ ಕುಡಿಯುವ ನೀರು, ದಿನಸಿ ಒಯ್ದು ಹಾಕುವ ವ್ಯಾಪಾರಿ. ಎರಡು ಮನೆಗಳ ನಡುವೆ ಒಂದು ದೊಡ್ಡ ಅಲ್ಯುಮಿನಿಯಂ ಪಾತ್ರೆ ಓಡಾಡುತ್ತಿತ್ತು. ಝುಲೈಖ ಪತ್ತಿರಿ ಮಾಡಿದರೆ, ಅಂದರೆ ಅಕ್ಕಿಯ ತೆಳು ರೊಟ್ಟಿ, ಅದರಲ್ಲಿ ಹಾಕಿ ಕಳಿಸುವಳು. ಮಧುಮತಿ ಅದೇ ಪಾತ್ರೆಯಲ್ಲಿ ಜೋಳದ ರೊಟ್ಟಿಯನ್ನೋ ಶೇಂಗಾ ಹೋಳಿಗೆಯನ್ನೋ ತುಂಬಿ ಮರಳಿಸುವಳು. ಪಾತ್ರೆ ಖಾಲಿ ಹೋಗಬಾರದು. ಗದಗಿನಲ್ಲೂ ಉಳ್ಳಾಲದಲ್ಲೂ ಈ ಒಂದು ಮಾತಿಗೆ ಭಿನ್ನಾಭಿಪ್ರಾಯವಿಲ್ಲ. ಮಧುಮತಿಯದು ಲಿಂಗಾಯತರ ಮನೆ ಎಂದು ಗೊತ್ತಿದ್ದ ಝುಲೈಖ ಆ ಪಾತ್ರೆಗೆ ಎಂದೂ ಮೀನು ಮಾಂಸ ಮುಟ್ಟಿಸಿರಲಿಲ್ಲ. ತೋಟದ ಕೆಲಸ ಸಿಕ್ಕಿ ಇವರು ಮರಳಿಗೆ ಬಂದ ಮೇಲೂ ಪಾತ್ರೆ ನಿಲ್ಲಲಿಲ್ಲ. ರವೂಫ್ ವಾರಕ್ಕೊಮ್ಮೆ ನೀರು, ದಿನಸಿ ತರುವಾಗ ಅದೂ ಅವನ ಜೊತೆ ಬರುತ್ತಿತ್ತು. ಸುಶಾಂತ ಮುಚ್ಚಳ ತೆಗೆದು ನೋಡಿ ಒಳಗೆ ಬಿಡುತ್ತಿದ್ದ.

ಎರಡು ವಾರದ ಹಿಂದೆ ಅವಳು ರವೂಫನ ಹತ್ತಿರ ಒಂದು ನಿಮಿಷ ಫೋನು ಕೇಳಿದ್ದಳು. ಸಿಗ್ನಲ್ ಇಲ್ಲವೆಂದು ಗೊತ್ತಿದ್ದೂ ಕೇಳಿದಳು, ಅಷ್ಟು ಜೀವ ಹಾರಿತ್ತು. ಹಸಿರುಮನೆಯ ಮರೆಯಿಂದ ಸುಶಾಂತ ನೋಡಿದ. ರವೂಫನಿಗೆ ನಗುನಗುತ್ತ ಚಹಾ ಕೊಟ್ಟು ಕಳಿಸಿದ. ಗೇಟು ಹಾಕಿ ಬಂದು ಅವಳ ಎಡಗಿವಿಗೆ ಹೊಡೆದ. ಬಿದ್ದವಳನ್ನು ಜುಟ್ಟು ಹಿಡಿದು ಕಾರಿನ ಹತ್ತಿರ ಎಳೆದುಕೊಂಡು ಹೋದ. ಕಾಯಿಲ್ ಕಿತ್ತ ನಾಲ್ಕು ಗುಂಡಿಗಳಲ್ಲಿ ಒಂದು ಕಬ್ಬಿಣದ ಸರಳನ್ನು ಇಳಿಸಿ, ಮೇಲಿಂದ ಸುತ್ತಿಗೆಯಲ್ಲಿ ಬಡಿದ. ಒಂದೊಂದು ಪ್ಲಗ್ಗಿನ ಪಿಂಗಾಣಿಯೂ ಒಳಗೆ ಪುಡಿಯಾದ ಸದ್ದು ಅವಳ ಬಲಗಿವಿಗೆ ಕೇಳಿತು.

"ಇನ್ನ ಯಾರಾದ್ರೂ ಕಾಯಿಲ್ ತಂದು ಕೊಟ್ರೂ ಹತ್ತೂದಿಲ್ಲ ಇದು," ಎಂದ. "ಸೆಪ್ಟೆಂಬರ್ ತನಕಾ ಇಲ್ಲಿ ಆ ರವೂಫ್ ಬಿಟ್ರ ಯಾರೂ ಬರಂಗಿಲ್ಲ ಮಧೂ. ಅಷ್ಟರೊಳಗ ನಿನ್ನ ಹುಗದ್ರ ಆಡು ತಪ್ಪಿಸ್ಕೊಂಡಾಂಗ ತಪ್ಪಿಸ್ಕೊಂಡ್ಲು ಅಂತೀನಿ."

ಅವನು ಬೆದರಿಸಲಿಕ್ಕೆ ಹೇಳಿದ್ದಲ್ಲ. ಲೆಕ್ಕ ಹಾಕಿ ಹೇಳಿದ್ದ. ಮಧುಮತಿಗೆ ಅದು ಅವನ ದನಿಯಲ್ಲೇ ತಿಳಿಯಿತು. ಸೆಪ್ಟೆಂಬರಿನೊಳಗೆ ಈ ಕಾರು ಎದ್ದರೆ ತಾನು ಬದುಕುತ್ತೇನೆ, ಇಲ್ಲವಾದರೆ ಇಲ್ಲ ಎಂಬುದು ಅವಳ ಮನಸ್ಸಿನಲ್ಲಿ ಅಂದೇ ಗಟ್ಟಿಯಾಗಿ ಕೂತಿತು.

ಮರುವಾರ ರವೂಫ್ ಬಂದಾಗ ಸುಶಾಂತ ನೀರಿನ ಬಾಟಲಿಗಳನ್ನು ಕೋಣೆಗೆ ಇಳಿಸುತ್ತಿದ್ದ. ಮಧುಮತಿ ಪಾತ್ರೆ ತಂದು ರವೂಫನ ಕೈಗಿಟ್ಟಳು.

"ನನ್ನ ಕಾರಿನ ಕಾಯಿಲ್ ನಾಲ್ಕೂ ಕಿತ್ಕೊಂಡಾನ್ರಿ ಅಣ್ಣಾರ, ಪ್ಲಗ್ಗೂ ಒಡದಾನ. ಕೊಲ್ತೀನಿ ಅಂತಾನ. ಪೊಲೀಸ್ ಬ್ಯಾಡ, ನನ್ನ ವೀಸಾ ಸತ್ತೈತಿ, ನನ್ನನ್ನ ಹಿಡೀತಾರ. ಸಾಮಾನು ಕಳಸ್ರಿ. ಅಕ್ಕಾಗ ಹೇಳ್ರಿ."

ರವೂಫ್ ಅವಳ ಕಿವಿಯ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ್ದ ರಕ್ತ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಸುಶಾಂತ ಹೊರಗೆ ಬಂದ. ರವೂಫ್ ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. ಇನ್ನೊಬ್ಬನ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಕೇಸಿನಲ್ಲಿ ಸಿಕ್ಕಿಕೊಂಡವರ ಕತೆಗಳನ್ನೇ ಕೇಳಿ ಬೆಳೆದವನು. ಪಾತ್ರೆ ಸೀಟಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಗಾಡಿ ತಿರುಗಿಸಿದ. ಆ ವಾರವೆಲ್ಲ ಮಧುಮತಿ ಮನಸ್ಸಿನಲ್ಲೇ ಅವನನ್ನು ಬೈಯುತ್ತಿದ್ದಳು.

ಈ ದಿನ ಬೆಳಿಗ್ಗೆ ಪಾತ್ರೆ ಬಂತು. ಸುಶಾಂತ ಯಜಮಾನನ ಬಂಗಲೆಗೆ ಯಾವುದೋ ಕೆಲಸಕ್ಕೆ ಹೊರಟು ನಿಂತಿದ್ದ. ಎಂದಿನಂತೆ ಮುಚ್ಚಳ ಎತ್ತಿದವನು ಹಾವು ಕಂಡವನಂತೆ ಹಿಂದೆ ಸರಿದ. ಹುರಿದ ಬಂಗುಡೆ, ಅದರ ಮೇಲೆ ಒಣಮೀನಿನ ಚಟ್ನಿ. ವಾಸನೆ ಚಪ್ಪರದ ತುಂಬ ಹಬ್ಬಿತು.

"ಏನ್ರೀ ಇದು ರವೂಫ್ ಭಾಯ್?"

"ಅಯ್ಯೋ ಸರ್ರೆ, ತಪ್ಪಾಯ್ತು ಮಾರಾಯ್ರೆ," ಎಂದ ರವೂಫ್, ನೆಲ ನೋಡುತ್ತ. "ಮನೆಯಲ್ಲಿ ನೆಂಟರು ಬಂದಿದ್ರು. ಇವಳು ಪಾತ್ರೆ ಅದಲು ಬದಲು ಮಾಡಿದ್ದು ಕಾಣ್ತದೆ."

"ಚೆಲ್ಲಿ ಬಿಡು ಅದನ್ನ ಗೇಟಿನಾಚೆ," ಎಂದು ಸುಶಾಂತ ಹೆಂಡತಿಗೆ ಹೇಳಿ, ಸೋಪು ಹಚ್ಚಿ ಕೈ ತೊಳೆದ. ಮುಚ್ಚಳ ಮುಟ್ಟಿದ್ದಕ್ಕೇ ಎರಡು ಸಲ ತೊಳೆದ. ಹೆಂಗಸಿನ ಕಿವಿ ಒಡೆದ ಕೈಗೆ ಮೀನಿನ ಮೈಲಿಗೆ ತಡೆಯಲಾಗಲಿಲ್ಲ. ಆಮೇಲೆ ಅವಳನ್ನು ಒಳಗೇ ಬಿಟ್ಟು, ಹೊರಗಿನಿಂದ ಗೇಟಿಗೆ ಸರಪಳಿ ಬಿಗಿದು, ರವೂಫನ ಹಿಂದೆಯೇ ಪಿಕಪ್ ಓಡಿಸಿಕೊಂಡು ಹೋದ. ಗೇಟಿನಾಚೆ ಚೆಲ್ಲು ಎಂದವನು ತಾನೇ ಗೇಟು ಹಾಕಿ ಹೋದದ್ದು ಅವನಿಗೆ ಹೊಳೆಯಲಿಲ್ಲ.

ಮಧುಮತಿ ಪಾತ್ರೆಯ ಮುಂದೆ ಕೂತಳು. ಹುಟ್ಟಿದಾಗಿನಿಂದ ಅವಳು ಮೀನು ಮುಟ್ಟಿದವಳಲ್ಲ. ಗದಗಿನ ಪೇಟೆಯಲ್ಲಿ ಮೀನಿನಂಗಡಿಯ ಮುಂದೆ ಹೋಗುವಾಗ ಅವಳ ಅವ್ವ ಅವಳ ಮೂಗಿಗೂ ಸೆರಗು ಹಿಡಿಯುತ್ತಿದ್ದಳು. ಝುಲೈಖ ಪಾತ್ರೆ ಅದಲು ಬದಲು ಮಾಡುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಉಸಿರು ಹಿಡಿದು, ಮೊಣಕೈವರೆಗೆ ಕೈ ಹಾಕಿದಳು. ಬಂಗುಡೆಯ ತಲೆಗಳು ಬೆರಳಿಗೆ ಸಿಕ್ಕವು. ಅದರ ಕೆಳಗೆ ಪ್ಲಾಸ್ಟಿಕ್ಕು ಸಿಕ್ಕಿತು. ಗಂಟು ಬಿಚ್ಚಿದರೆ ನಾಲ್ಕು ಕಾಯಿಲ್, ನಾಲ್ಕು ಪ್ಲಗ್ಗು, ಉದ್ದ ಹಿಡಿಯ ಪ್ಲಗ್ ಸ್ಪ್ಯಾನರ್, ಒಂದು ತುಂಡು ರಬ್ಬರ್ ಪೈಪು. ಮುಸಫ್ಫಾದಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಝುಲೈಖಳ ತಮ್ಮ ರಮೀಝ್ ಏನನ್ನೂ ಮರೆತಿರಲಿಲ್ಲ. ಮಧುಮತಿ ಅಲ್ಲೇ ಕೂತು ಅತ್ತಳು. ಅಳು ಮುಗಿದ ಮೇಲೆ ಕೀಲಿಕೈ ತೆಗೆದುಕೊಂಡು ಕಾರಿಗೆ ಹೋದಳು.

ಬಾನೆಟ್ಟು ಸುಡುತ್ತಿತ್ತು. ಸೆರಗಿನಿಂದ ಹಿಡಿದು ಎತ್ತಿದಳು. ಗುಂಡಿಗಳ ತಳದಲ್ಲಿ ಒಡೆದ ಪಿಂಗಾಣಿ ಹರಳು ಹರಳಾಗಿ ಬಿದ್ದಿತ್ತು, ಅದರ ಮೇಲೆ ಮರಳು. ಪ್ಲಗ್ಗು ತಿರುವಿದರೆ ಅದೆಲ್ಲ ಎಂಜಿನ್ನಿನ ಹೊಟ್ಟೆಗೆ ಬೀಳುತ್ತದೆ. ಮೊದಲು ಕಸ ತೆಗಿ. ಇದನ್ನು ಕಲಿತದ್ದು ಬಲಗೆನ್ನೆಯ ಮೇಲೆ ಬಿದ್ದ ಏಟಿನಿಂದ. ಮನೆ ಗುಡಿಸುವ ವ್ಯಾಕ್ಯೂಮ್ ಎಳೆದು ತಂದು, ಅದರ ಬಾಯಿಗೆ ರಬ್ಬರ್ ಪೈಪನ್ನು ಬಟ್ಟೆ ಸುತ್ತಿ ಕಟ್ಟಿ, ಒಂದೊಂದೇ ಗುಂಡಿಗೆ ಇಳಿಸಿದಳು. ಹರಳುಗಳು ಪೈಪಿನೊಳಗೆ ಕಟಕಟ ಸದ್ದು ಮಾಡುತ್ತ ಏರಿದವು. ತಳ ಕಾಣುವ ತನಕ ಎಳೆದಳು.

ಮೊದಲ ಎರಡು ಪ್ಲಗ್ಗು ಬಂದವು. ಮೂರನೆಯದು ಹಟ ಹಿಡಿಯಿತು. ಪೂರ್ತಿ ಮೈಭಾರ ಹಾಕಿದರೆ ಮುರಿಯುತ್ತದೆ, ಮುರಿದರೆ ಕತೆ ಮುಗಿಯಿತು. ಸಿಕ್ಕಿಕೊಂಡದ್ದನ್ನು ಒಂದಿಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು, ಮತ್ತೆ ಬಿಗಿ, ಮತ್ತೆ ಸಡಿಲ. ಅದನ್ನು ಕಲಿತ ದಿನ ಅವನು ಸ್ಪ್ಯಾನರಿನಿಂದಲೇ ಅವಳ ಬೆರಳ ಗಿಣ್ಣಿಗೆ ಕುಟ್ಟಿದ್ದ. ಆ ಗಿಣ್ಣು ಇಂದಿಗೂ ಸೊಟ್ಟಗಿತ್ತು. ಸೊಟ್ಟ ಬೆರಳಿನ ಕೈಯಲ್ಲೇ ಹಿಂದಕ್ಕೂ ಮುಂದಕ್ಕೂ ಅಲುಗಿಸಿದಳು. ಬೆವರು ಕಣ್ಣಿಗೆ ಇಳಿದು ಉರಿಯಿತು. ಕಿರ್ ಎಂದು ಅದೂ ಸಡಿಲವಾಯಿತು. "ಬಾ ಯಪ್ಪಾ, ಬಾ," ಎಂದಳು ಪ್ಲಗ್ಗಿಗೆ. ನಾಲ್ಕನೆಯದು ಹಟ ಮಾಡದೆ ಬಂತು.

ಹೊಸ ಪ್ಲಗ್ಗನ್ನು ರಬ್ಬರ್ ಪೈಪಿನ ತುದಿಗೆ ಸಿಕ್ಕಿಸಿ ಗುಂಡಿಗೆ ಇಳಿಸಿ ಬೆರಳಿನಲ್ಲೇ ತಿರುವಿದಳು. ಕೈಲೆ ತಿರುವು ಮೊದಲ, ಕೈಲೆ. ಸ್ಪ್ಯಾನರ್ ಹಾಕಿ ಅವಸರ ಮಾಡಿದರೆ ಒಳಗಿನ ಮೆತ್ತನೆಯ ಅಲ್ಯುಮಿನಿಯಂ ತಿರುಪಿನ ಗೆರೆ ಕಿತ್ತುಹೋಗುತ್ತದೆ. ಈ ಪಾಠದ ಗುರುತು ಬೆನ್ನಿನ ಮೇಲಿತ್ತು. ತಳಕ್ಕೆ ಕೂತ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಅಷ್ಟೇ. ಕಲಿಸಿದ ಗುರುವಿಗೆ ಶಿಷ್ಯೆ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆಂದು ತಿಳಿದಿರಲಿಲ್ಲ. ಹೊಡೆದವನು ಮರೆಯುತ್ತಾನೆ, ಹೊಡೆಸಿಕೊಂಡವರು ಮರೆಯುವುದಿಲ್ಲ.

ನಾಲ್ಕೂ ಪ್ಲಗ್ಗು ಕೂತವು. ಕಾಯಿಲ್ ಇಳಿಸಿ ಒತ್ತಿದಳು, ವೈರಿನ ಕ್ಲಿಪ್ಪು ಕಟಕ್ಕೆಂದು ಕೂತಿತು. ಒಂದು. ಇನ್ನೊಂದು. ಮೂರನೆಯದೂ ಕೂತಿತು. ಗೇಟನ್ನು ಕಾರಿನಿಂದಲೇ ಗುದ್ದಿ ಒಡೆಯಬೇಕು, ಸರಪಳಿ ಹಳೆಯದು, ಎರಡು ಗುದ್ದಿಗೆ ಬಿಡಬಹುದು ಎಂದುಕೊಳ್ಳುತ್ತ ನಾಲ್ಕನೆಯ ಕಾಯಿಲ್ ಕೈಗೆತ್ತಿಕೊಂಡಳು. ಅವಳ ಎಡಗಡೆಗೆ ಗೇಟು. ಎಡಗಿವಿಯಲ್ಲಿ ಕುಯ್ಯೆನ್ನುವ ಸದ್ದು. ಸರಪಳಿ ಬಿಚ್ಚಿದ್ದಾಗಲಿ, ಪಿಕಪ್ಪು ಬಂದು ಕಾರಿನ ಹಿಂದೆಯೇ ಅಡ್ಡ ನಿಂತದ್ದಾಗಲಿ ಅವಳಿಗೆ ಕೇಳಲಿಲ್ಲ.

ಜುಟ್ಟಿಗೆ ಕೈ ಬಿದ್ದಾಗಲೇ ತಿಳಿಯಿತು.

ಸುಶಾಂತ ಅವಳ ಮುಖವನ್ನು ಕಾರಿನ ಸುಡುವ ತಗಡಿಗೆ ಒತ್ತಿ ಹಿಡಿದ. ಕೆನ್ನೆ ಚುರ್ ಎಂದಿತು. "ಝುಲೈಖಬಾಯಿ ನಮ್ಮ ಮನಿಗೆ ಮೀನು ಕಳಸೂದಿಲ್ಲ," ಎಂದ, ಬಲಗಿವಿಯ ಹತ್ತಿರ ಬಾಯಿ ತಂದು, ಮೆಲ್ಲಗೆ. "ಇಷ್ಟು ವರ್ಷದಾಗ ಒಂದ ಸಲಾನೂ ಕಳಸಿಲ್ಲ. ಅರ್ಧಾ ದಾರಿ ಹೋದಮ್ಯಾಲೆ ತೆಲಿಗೆ ಹೊಳೀತು ನೋಡು."

ಅವಳ ಕೈಯಿಂದ ಕಾಯಿಲ್ ಕಿತ್ತು ಮರಳಿಗೆ ಎಸೆದ. ತಲೆ ಎತ್ತಿ ಮತ್ತೆ ತಗಡಿಗೆ ಬಡಿದ. ಹಲ್ಲೊಂದು ಸಡಿಲಾಗಿ ಬಾಯಿ ತುಂಬ ರಕ್ತ ಬಂತು. ಮೂರನೆಯ ಸಲ ಬಡಿಯಲು ಎತ್ತಿದಾಗ ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಕಣ್ಣು ಮುಚ್ಚಿ ಹಿಂದಕ್ಕೆ ಬೀಸಿದಳು. ಅದು ಅವನ ಮೊಣಕಾಲಿಗೆ ಬಿತ್ತು. ಅವನು ಜುಟ್ಟು ಬಿಟ್ಟು ಬಗ್ಗಿದ. ಬಗ್ಗಿದವನು ಹಾಗೆಯೇ ಹಾರಿ ಅವಳ ಕುತ್ತಿಗೆ ಹಿಡಿದ.

ಇಬ್ಬರೂ ಮರಳಿಗೆ ಬಿದ್ದರು. ಅವನು ಮೇಲೆ. ಎರಡೂ ಹೆಬ್ಬೆರಳು ಗಂಟಲ ಗುಳಿಗೆ ಇಳಿದವು. ಚಪ್ಪರದ ತಗಡು ಅವಳ ಕಣ್ಣಿಗೆ ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ ಕಾಣತೊಡಗಿತು. ಅವನು ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಪ್ಲಗ್ಗು ಬಿಗಿ ಮಾಡುವಾಗಿನ ಹಾಗೆ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಿದ್ದ. ಅದನ್ನು ನೋಡಿ ಅವಳಿಗೆ ಭಯವಾಗುವುದರ ಬದಲು ಸಿಟ್ಟು ಬಂತು. ಇಷ್ಟು ವರ್ಷ ಎಲ್ಲಿತ್ತೋ ಅಷ್ಟು ಸಿಟ್ಟು. ಬೆರಳಿನಿಂದ ಮರಳು ಕೆದರಿ ಅವನ ಕಣ್ಣಿಗೆ ತುಂಬಿದಳು. ಹಿಡಿತ ಸಡಿಲವಾದ ಕ್ಷಣ ಸ್ಪ್ಯಾನರಿನಿಂದ ದವಡೆಗೆ ಹೊಡೆದಳು. ಅವನು ಪಕ್ಕಕ್ಕೆ ಉರುಳಿದ. ಎದ್ದು ನಿಂತು ಇನ್ನೊಂದು ಹೊಡೆದಳು, ಹುಬ್ಬಿನ ಮೇಲೆ. ಅಲ್ಲಿ ಚರ್ಮ ಬಾಯಿ ಬಿಟ್ಟಿತು.

ಕೆಮ್ಮುತ್ತ, ತೆವಳುತ್ತ ಕಾರಿನೊಳಗೆ ಸೇರಿ ಬಾಗಿಲು ಲಾಕ್ ಮಾಡಿದಳು. ಕೀಲಿ ತಿರುಗಿಸಿದಳು. ಎರಡು ವಾರ ಸುಮ್ಮನಿದ್ದ ಎಂಜಿನ್ ಕೊಂಯ್ ಕೊಂಯ್ ಎಂದು ಎಳೆಯಿತು. ಇನ್ನೊಮ್ಮೆ ತಿರುಗಿಸಿದಳು. ಹಿಡಿಯಿತು. ಮೂರೇ ಕಾಯಿಲ್, ಮೂರೇ ಕಿಡಿ. ಕಾರು ಚಳಿಜ್ವರ ಬಂದವರಂತೆ ನಡುಗಿತು, ಆದರೂ ನಿಲ್ಲಲಿಲ್ಲ. ಯಾವಾಗಲೋ ಹಚ್ಚಿಟ್ಟಿದ್ದ ಎ.ಸಿ. ಮುಖಕ್ಕೆ ಬಿಸಿಗಾಳಿ ಊದಿತು, ಮುಂದೆ ರೇಡಿಯೇಟರಿನ ಫ್ಯಾನು ಭರ್ರೆಂದು ತಿರುಗತೊಡಗಿತು. ಹಿಂದೆ ಪಿಕಪ್ಪು, ಮುಂದೆ ಗೋಡೆ. ಹೊರಡಲು ದಾರಿಯಿರಲಿಲ್ಲ.

ಸುಶಾಂತ ಎದ್ದ. ಒಂದು ಕಣ್ಣು ಮರಳು, ಇನ್ನೊಂದು ಕಣ್ಣು ರಕ್ತ. ಕಿಟಕಿಯ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಗಾಜು ಒಡೆಯಲಿಲ್ಲ. ಪಕ್ಕದಲ್ಲೇ ಕಲ್ಲಿತ್ತು, ಪಿಕಪ್ಪಿನಲ್ಲಿ ಸುತ್ತಿಗೆಯಿತ್ತು. ಅವನು ಯಾವುದಕ್ಕೂ ಹೋಗಲಿಲ್ಲ. ಅಭ್ಯಾಸ ಕೆಟ್ಟದ್ದು. ಹೆಂಡತಿಯನ್ನು ನಿಲ್ಲಿಸಬೇಕೆಂದರೆ ಅವನ ಕೈ ತಾನಾಗಿ ಹೋಗುತ್ತಿದ್ದದ್ದು ಒಂದೇ ಕಡೆ. ಕಾರಿನ ಮುಂದಕ್ಕೆ ಹೋದ. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವನ ಕೈಗಳು ಮಾತ್ರ ಅವಳಿಗೆ ಕಂಡವು, ಬೆವರು, ರಕ್ತ ತೊಟ್ಟಿಕ್ಕುವ ಕೈಗಳು. ಓಡುವ ಎಂಜಿನ್ನಿನ ಕಾಯಿಲ್ ಮುಟ್ಟಬಾರದು. ಅದನ್ನೂ ಅವನೇ ಹೇಳಿಕೊಟ್ಟಿದ್ದ. ಕೈ ಕಾಯಿಲನ್ನು ಹಿಡಿದು ಜಗ್ಗಿತು.

ಚಟ್ ಎಂದು ಕಿಡಿ ಹಾರಿತು. ಕೈ ಝಾಡಿಸಿ ಹಿಂದಕ್ಕೆ ಎಗರಿ, ತಿರುಗುತ್ತಿದ್ದ ಫ್ಯಾನಿನೊಳಗೆ ಹೋಯಿತು. ಕಬ್ಬು ಮುರಿದಂಥ ಸದ್ದು ಬಂತು. ಅದು ಅವಳಿಗೆ ಎಂಜಿನ್ನಿನ ಸದ್ದಿನ ಮೇಲೂ, ಒಂದೇ ಕಿವಿಯಲ್ಲೂ, ಚೆನ್ನಾಗಿ ಕೇಳಿತು. ಆಮೇಲೆ ಅವನ ಕೂಗು. ಅವಳು ಹೊಡೆಸಿಕೊಂಡ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಎಂಜಿನ್ ಆರಿಸಿ ಕೆಳಗಿಳಿದಳು. ಅವನು ಮರಳಿನ ಮೇಲೆ ಮುದುಡಿ ಬಿದ್ದಿದ್ದ. ಬಲಗೈಯ ಬೆರಳುಗಳು ಎಲ್ಲೆಲ್ಲೋ ತಿರುಗಿದ್ದವು, ಒಂದು ಬೆರಳು ಬರಿಯ ತೊಗಲಿನಲ್ಲಿ ತೂಗುತ್ತಿತ್ತು. ಮುಖ ಬಿಳಿಚಿತ್ತು. ಅವಳು ಸ್ಪ್ಯಾನರ್ ಹಿಡಿದೇ ಅವನ ತಲೆಯ ಹತ್ತಿರ ನಿಂತಳು. ಇನ್ನೊಂದೇ ಏಟು. ಯಾರಿಗೂ ಗೊತ್ತಾಗುವುದಿಲ್ಲ, ಸೆಪ್ಟೆಂಬರಿನ ತನಕ ರವೂಫನ ಹೊರತು ಯಾರೂ ಬರುವುದಿಲ್ಲ. ಕೈ ಎತ್ತಿದಳು ಸಹ. ಎತ್ತಿದ ಕೈಯಲ್ಲಿ ಆ ಸೊಟ್ಟ ಬೆರಳು ಕಂಡಿತು. ಇವನಿಂದ ಕಲಿತದ್ದು ಇಷ್ಟೇ ಸಾಕು, ಪೂರ್ತಿ ಕಲಿಯುವುದು ಬೇಡ ಎನಿಸಿ ಕೈ ಇಳಿಸಿದಳು. ಕರುಣೆಯೇನೂ ಬರಲಿಲ್ಲ. ಬಂದಿದ್ದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

"ಮಧೂ," ಎಂದ. "ದವಾಖಾನಿಗೆ. ನಿನ್ನ ಕಾಲಿಗೆ ಬೀಳ್ತೀನಿ."

"ಮೊದಲ ಕಸ ತೆಗೀಬೇಕು," ಎಂದಳು.

ಮರಳಿನಲ್ಲಿ ಬಿದ್ದಿದ್ದ ನಾಲ್ಕನೆಯ ಕಾಯಿಲ್ ಹುಡುಕಿದಳು. ಸೆರಗಿನಿಂದ ಒರೆಸಿ, ಬಾಯಿಂದ ಊದಿ, ಗುಂಡಿಗೆ ಇಳಿಸಿ ಒತ್ತಿದಳು. ಅವನು ಜಗ್ಗಿ ಕಿತ್ತದ್ದನ್ನೂ ಮತ್ತೆ ಕೂರಿಸಿದಳು. ಕೀಲಿ ತಿರುಗಿಸಿದಾಗ ಎಂಜಿನ್ ನಾಲ್ಕೂ ಕಿಡಿಯಲ್ಲಿ ನುಣ್ಣಗೆ ಓಡಿತು. ಬಾನೆಟ್ ಇಳಿಸಿದಳು.

ಪಿಕಪ್ಪು ದಾರಿಗೆ ಅಡ್ಡವಿತ್ತು, ಕೀಲಿ ಅದರಲ್ಲೇ ಇತ್ತು. ಅದರಲ್ಲೇ ಹೊರಟುಹೋಗಬಹುದಿತ್ತು. ಆದರೆ ಹಾಗೆ ಹೋದರೆ ಅವಳು ಕಟ್ಟಿದ ಕಾರು ಅವನ ಪಾಲಿಗೆ ಉಳಿಯುತ್ತಿತ್ತು. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಪಿಕಪ್ಪನ್ನು ಪಕ್ಕಕ್ಕೆ ನಿಲ್ಲಿಸಿ, ಅವನದೇ ಸಾಮಾನಿನ ಡಬ್ಬಿಯಿಂದ ಬೋಲ್ಟು ಬಿಚ್ಚುವ ಪಾನಾ ತೆಗೆದು, ಅದರ ಬಾನೆಟ್ ಎತ್ತಿದಳು. ಒಂದೊಂದು ಕಾಯಿಲಿಗೆ ಒಂದೊಂದು ಬೋಲ್ಟು. ಬಿಚ್ಚುವುದು ಕಟ್ಟುವುದಕ್ಕಿಂತ ಸಲೀಸು, ಅದು ಅವನಿಗೂ ಗೊತ್ತಿದ್ದ ವಿಷಯ. ಬಿದ್ದಲ್ಲಿಂದಲೇ ಅವನು ನೋಡುತ್ತಿದ್ದ. ಅವಳು ಏನು ಮಾಡುತ್ತಿದ್ದಾಳೆಂದು ಅರ್ಥವಾದಾಗ ಕೂಗು ನಿಲ್ಲಿಸಿದ.

"ಬ್ಯಾಡ ಮಧೂ. ನಾ ಸಾಯ್ತೀನಿ ಇಲ್ಲೆ."

"ಸಾಯೂದಿಲ್ಲ. ನೀರೈತಿ, ನೆರಳೈತಿ, ಒಳಗ ಎ.ಸಿ. ಐತಿ. ನನಗೂ ಇಷ್ಟ ಇದ್ದವು."

ನೀರಿನ ಎರಡು ಬಾಟಲಿ ತಂದು ಅವನ ಎಡಗೈಗೆ ಎಟುಕುವಲ್ಲಿಟ್ಟಳು. ಕೈಗೆ ಬಿಗಿಯಾಗಿ ಕಟ್ಟಿಕೊಳ್ಳಲೆಂದು ಒಂದು ಟವೆಲ್ ಎಸೆದಳು. ಅದು ಸಂಘದ ಊಟದಲ್ಲಿ ಅವನು ಸೊಂಟಕ್ಕೆ ಕಟ್ಟುತ್ತಿದ್ದ ಟವೆಲ್. ಫ್ರಿಜ್ಜಿನ ಪಕ್ಕದ ಮೊಳೆ ಖಾಲಿಯಿತ್ತು, ಪಿಕಪ್ಪಿನ ಕೀಲಿಕೈಯನ್ನು ಅದಕ್ಕೆ ತೂಗುಹಾಕಿದಳು. ಮೀನಿನ ಪಾತ್ರೆ ಎತ್ತಿ ಕಾರಿನಲ್ಲಿಟ್ಟಳು. ಗೇಟು ತೆರೆದೇ ಇತ್ತು, ಅವನೇ ತೆರೆದು ಬಂದಿದ್ದ.

ಮರಳಿನ ದಾರಿಯುದ್ದಕ್ಕೂ ಅವಳು ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದಳು. ಯಾರೂ ಬರಲಾರರೆಂದು ಗೊತ್ತಿದ್ದರೂ ನೋಡಿದಳು. ಟಾರು ರಸ್ತೆ ಹತ್ತಿ, ಟ್ರಕ್ಕುಗಳ ಸಾಲಿನಲ್ಲಿ ಸೇರಿಕೊಂಡಳು. ಬದಿಗೆ ನಿಲ್ಲಿಸಿ ಬಾಯಲ್ಲಿದ್ದ ರಕ್ತ ಉಗಿದಳು. ಮತ್ತೆ ಹೊರಟಳು.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ಹಳೆಯ ವಿಲ್ಲಾದ ಮುಂದೆ ಝುಲೈಖ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ಹಾಗೆಯೇ ನಿಂತಿದ್ದಳೆಂದು ಕಾಣುತ್ತದೆ. ಕಾರಿನಿಂದಿಳಿದ ಮಧುಮತಿಯ ಸುಟ್ಟ ಕೆನ್ನೆ, ಕುತ್ತಿಗೆಯ ಮೇಲೆ ಬೆರಳಿನ ಗುರುತು, ಮೊಣಕೈವರೆಗೆ ಎಣ್ಣೆಯ ಮಸಿ. ಅವಳನ್ನು ಕಂಡು ಝುಲೈಖ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಿಂದೆ ರವೂಫ್ ಚಪ್ಪಲಿ ಹುಡುಕುತ್ತ ಬಂದ.

"ಯಾ ಅಲ್ಲಾಹ್. ಬಾ ಒಳಗೆ, ಮೊದ್ಲು ಬಾ ಒಳಗೆ," ಎಂದಳು ಝುಲೈಖ.

ಮಧುಮತಿ ಪಾತ್ರೆಯನ್ನು ಅವಳ ಕೈಗಿಟ್ಟಳು. "ತೊಳೀಲಿಕ್ಕೆ ಆಗಲಿಲ್ಲ ಅಕ್ಕಾ," ಎಂದಳು.

ಪಾತ್ರೆ ಭಾರವಾಗಿತ್ತು. ಝುಲೈಖ ಮುಚ್ಚಳ ಎತ್ತಿದಳು. ಬಂಗುಡೆಗಳ ನಡುವೆ ನಾಲ್ಕು ಕಪ್ಪು ಕಾಯಿಲ್ ಮಲಗಿದ್ದವು. ಹಳೆಯವು, ಧೂಳು ಹಿಡಿದವು.

"ಇದು ನಾವು ಕಳಿಸಿದ್ದಲ್ಲ," ಎಂದ ರವೂಫ್ ಬಗ್ಗಿ ನೋಡಿ. "ಇದು ಪಿಕಪ್ಪಿಂದು."

"ಖಾಲಿ ಹೆಂಗ ಕಳಸಲಿ," ಎಂದಳು ಮಧುಮತಿ. ಮೆಟ್ಟಿಲ ಮೇಲೆ ಕೂತಳು. "ಪೊಲೀಸರಿಗೆ ಫೋನ್ ಹಚ್ಚ್ರಿ ಅಣ್ಣಾರ. ಆಂಬುಲೆನ್ಸ್ ಬೇಕಂತ ಹೇಳ್ರಿ, ಅವನ ಕೈ ಹೋಗೈತಿ. ನನ್ನ ವೀಸಾ ಮುಗದೈತಿ, ಅದನ್ನೂ ನೀವ ಹೇಳಿಬಿಡ್ರಿ."

ರವೂಫ್ ನಂಬರು ಒತ್ತಿದ. ಫೋನು ಕಿವಿಗಿಟ್ಟವನು ಅವಳ ಕಡೆ ತಿರುಗಿದ. "ಅವರು ಹೋಗುವಷ್ಟರಲ್ಲಿ ಅವ ಓಡಿಹೋದರೆ?"

ಮಧುಮತಿ ಪಕ್ಕದಲ್ಲಿ ಬಂದು ಕೂತ ಝುಲೈಖಳ ಮಡಿಲಿನಲ್ಲಿದ್ದ ಪಾತ್ರೆಯ ಮುಚ್ಚಳ ಎಳೆದು ಮುಚ್ಚಿದಳು.

"ಎಲ್ಲಿಗೂ ಹೋಗಂಗಿಲ್ಲ ಅಂವ," ಎಂದಳು. "ಸಾವಕಾಶ ಬರ್ರಿ ಅಂತ ಹೇಳ್ರಿ."